ಮುಗಿಸಲು ಬಿಡದ ಹುಡುಗಿ

ನಮ್ಮ ಶಾಲೆಯಲ್ಲಿ ನಗುವಂಥದ್ದು ನಡೆಯಲು ಯಾರೂ ಪ್ರಯತ್ನ ಪಡಬೇಕಾಗಿಲ್ಲ. ಎಲ್ಲರೂ ಗಂಭೀರವಾಗಿ ತಂತಮ್ಮ ಕೆಲಸ ಮಾಡಿದರೆ ಸಾಕು, ನಡೆದುಬಿಡುತ್ತದೆ.

ಶಾಲೆ ಇರುವುದು ಮುಂಬೈಯ ಗೋರೆಗಾಂವ್‌ನಲ್ಲಿ, ಒಂದು ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ. ಕೆಳಗಿನ ಮಹಡಿಗಳು ಮರಾಠಿ ಶಾಲೆಯವು. ಅವರಿಗೆ ಮಕ್ಕಳು ಹೆಚ್ಚು, ನಮಗೆ ಸೋರಿಕೆ ಹೆಚ್ಚು. ಕನ್ನಡ ಮಾಧ್ಯಮಕ್ಕೆ ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಇನ್ನೆಷ್ಟು ಕಾಲ ಎಂದು ನಾವು ಯಾರೂ ಜೋರಾಗಿ ಕೇಳಿಕೊಳ್ಳುವುದಿಲ್ಲ. ನಾನು ಬಿಎಸ್ಸಿ, ಕೆಮಿಸ್ಟ್ರಿ. ಲ್ಯಾಬ್ ಕೆಲಸ ಸಿಗುವವರೆಗೆ ಇರಲಿ ಎಂದು ಇಲ್ಲಿ ಸೇರಿದೆ. ಲ್ಯಾಬ್ ಸಿಗಲಿಲ್ಲ, ಮೂರನೇ ಕ್ಲಾಸು ಸಿಕ್ಕಿತು.

ಮೂರನೇ ಕ್ಲಾಸಿನಲ್ಲಿ ಆ ಹುಡುಗಿ ಇದ್ದಳು. ವಿಜಯಪುರದ ಕಡೆಯವಳು. ಅಪ್ಪ ಗವಂಡಿ, ಅಂದರೆ ಗಾರೆ ಕೆಲಸದವನು; ಅವ್ವ ಅದೇ ಸೈಟಿನಲ್ಲಿ ಕೂಲಿ. ಕಟ್ಟುತ್ತಿರುವ ಬಿಲ್ಡಿಂಗ್ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೂವರ ವಾಸ. ಹುಡುಗಿ ಬೇರೆ ಮಕ್ಕಳು ಬಿಡಿಸಿದ ಚಿತ್ರ ಹರಿಯುತ್ತಿದ್ದಳು, ಜೋಡಿಸಿಟ್ಟ ಬ್ಲಾಕುಗಳನ್ನು ಒದೆಯುತ್ತಿದ್ದಳು, ತಡೆದರೆ ಕಚ್ಚುತ್ತಿದ್ದಳು. ಕಚ್ಚಿಸಿಕೊಂಡವರಲ್ಲಿ ನಾನೂ ಒಬ್ಬಳು. ಕೆಲವು ಪೋಷಕರು ತಮ್ಮ ಮಕ್ಕಳನ್ನು ಬಿಡಿಸುತ್ತೇವೆ ಎಂದರು. ಶಾಲೆಯ ಕಮಿಟಿ ಹೇಳಿತು: ದೀಪಾವಳಿ ರಜೆಯೊಳಗೆ ಸರಿಹೋಗಬೇಕು, ಇಲ್ಲವಾದರೆ ಕಳಿಸಿಬಿಡಿ.

ಕಳಿಸಿದರೆ ಅವಳಿಗೆ ಹತ್ತಿರದಲ್ಲಿ ಬೇರೆ ಕನ್ನಡ ಶಾಲೆ ಇರಲಿಲ್ಲ. ದಿನವಿಡೀ ಸಿಮೆಂಟು ಚೀಲಗಳ ನಡುವೆ ಕೂತಿರುತ್ತಿದ್ದಳು, ಅಷ್ಟೇ.

ನಮ್ಮ ಹೆಡ್‌ಮಿಸ್ಟ್ರೆಸ್ ಉಡುಪಿಯವರು. ಮಕ್ಕಳ ಬಾಯಲ್ಲಿ ಅವರು ದೊಡ್ಡ ಟೀಚರ್. "ನೀನು ಸೈನ್ಸಿನವಳಲ್ವಾ? ಎಂತದಾದ್ರೂ ಮಾಡು ಮಾರಾಯ್ತಿ," ಎಂದರು.

ನಕ್ಷತ್ರ

ನಾನು ಕ್ರಮವಾಗಿ ಶುರುಮಾಡಿದೆ. ಗೋಡೆಗೆ ಒಂದು ಹಾಳೆ ಅಂಟಿಸಿದೆ. ಗಲಾಟೆ ಇಲ್ಲದ ದಿನಕ್ಕೆ ಒಂದು ಹೊಳೆಯುವ ನಕ್ಷತ್ರ. ಸಾಲು ತುಂಬಿದರೆ ಬಹುಮಾನ, ಬಣ್ಣದ ಪೆನ್ಸಿಲ್ಲಿನ ಡಬ್ಬಿ.

ಹುಡುಗಿ ಬಂಗಾರದಂತೆ ವರ್ತಿಸಿದಳು. ನಕ್ಷತ್ರಗಳು ಸಾಲಾಗಿ ಬಂದವು. ಇನ್ನೊಂದೇ ಬಾಕಿ ಎನ್ನುವಾಗ ಎದ್ದು ಹೋಗಿ ಎಲ್ಲವನ್ನೂ ಕಿತ್ತಳು.

ಬಹುಮಾನ ಚಿಕ್ಕದಾಯಿತು ಎಂದುಕೊಂಡೆ. ಕಂಪಾಸು ಪೆಟ್ಟಿಗೆ ಇಟ್ಟೆ. ಮತ್ತೆ ಬಂಗಾರ. ಮತ್ತೆ ಕೊನೆಯ ನಕ್ಷತ್ರಕ್ಕೆ ಮೊದಲು ಎಲ್ಲ ಕಿತ್ತಳು. ವಾಟರ್ ಬಾಟಲು ಇಟ್ಟೆ. ಫಲಿತಾಂಶ ಅದೇ. ಪ್ರಯೋಗವನ್ನು ಸರಿಯಾಗಿಯೇ ಮಾಡುತ್ತಿದ್ದೆ. ಏನನ್ನು ಅಳೆಯುತ್ತಿದ್ದೇನೆ ಎಂಬುದಷ್ಟೇ ಗೊತ್ತಿರಲಿಲ್ಲ.

ಕಿತ್ತ ನಕ್ಷತ್ರಗಳು ಎಲ್ಲಿ ಹೋದವು ಎಂದು ಹುಡುಕಿದೆ, ಸಿಗಲಿಲ್ಲ. ಸಂಜೆ ದೊಡ್ಡ ಟೀಚರ್ ವಾರ್ಡ್ ಆಫೀಸಿನಿಂದ ವಾಪಸ್ ಬಂದು ಸಂಭ್ರಮದಿಂದ ಹೇಳಿದರು, "ಇವತ್ತು ಆಫೀಸಿನಲ್ಲಿ ಎಲ್ಲರೂ ನನ್ನನ್ನೇ ನೋಡ್ತಿದ್ರು ಮಾರಾಯ್ತಿ. ಈ ಸೀರೆ ನಂಗೆ ಒಪ್ಪುತ್ತದೆ ಕಾಣ್ತದೆ."

ಅವರು ಕುರ್ಚಿಯತ್ತ ತಿರುಗಿದಾಗ ಬೆನ್ನಿನ ತುಂಬ ನಕ್ಷತ್ರಗಳಿದ್ದವು.

ಹೂವು

"ಇನ್ನು ನನ್ನ ಹತ್ತಿರ ಕೂರಿಸು," ಎಂದರು ದೊಡ್ಡ ಟೀಚರ್. "ಮಕ್ಕಳಿಗೆ ಎದುರಿಗೊಬ್ಬರು ಶಾಂತವಾಗಿ ಕೆಲಸ ಮಾಡುದು ಕಾಣ್ಬೇಕು. ಆಗ ತಾವೂ ಶಾಂತ ಆಗ್ತಾವೆ."

ಅದು ಶುಕ್ರವಾರ. ಶುಕ್ರವಾರ ಅವರು ಆಫೀಸಿನಲ್ಲೇ ಕೂತು ಸರಸ್ವತಿ ಫೋಟೋಕ್ಕೆ ಸೇವಂತಿಗೆ ಕಟ್ಟುತ್ತಾರೆ. ಹುಡುಗಿ ಎದುರಿಗೆ ಸ್ಟೂಲಿನ ಮೇಲೆ ಕೂತಳು. ಹೂವು ಆರಿಸಿ ಆರಿಸಿ ಕೊಟ್ಟಳು. ನಾನು ಬಾಗಿಲಲ್ಲಿ ಇಣುಕಿದಾಗ ದೊಡ್ಡ ಟೀಚರ್ ಹುಬ್ಬು ಹಾರಿಸಿ ನೋಡಿದರು. ನೋಡಿದೆಯಾ, ಇಷ್ಟೇ ವಿಷಯ, ಎಂಬಂತೆ.

ಮಾಲೆ ಮುಗಿಯಿತು. ಕೊನೆಯ ಗಂಟು ಹಾಕಲು ಅವರು ಕನ್ನಡಕ ಏರಿಸಿದರು. ಹುಡುಗಿ ದಾರದ ತುದಿ ಹಿಡಿದು ಎಳೆದಳು.

ದೊಡ್ಡ ಟೀಚರ್ ನೆಲದ ಮೇಲೆ ಹರಡಿದ ಹೂವು ನೋಡುತ್ತ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, "ಶಾಂತ ಆದದ್ದು ನಾನು."

ಮೆಣಸಿನಕಾಯಿ

ಮುಂದಿನ ಉಪಾಯವೂ ಅವರದೇ. "ದೃಷ್ಟಿ ಆಗಿದೆ."

"ಟೀಚರ್, ನೀವು ಎಂ.ಎ., ಬಿ.ಎಡ್.," ಎಂದೆ.

"ಅದಕ್ಕೇ ಹೇಳುದು. ಬಿ.ಎಡ್.ನಲ್ಲಿ ಇದ್ದದ್ದೆಲ್ಲ ಮಾಡಿ ನೋಡಿ ಆಯ್ತಲ್ಲ."

ಉಪ್ಪು, ಒಣಮೆಣಸಿನಕಾಯಿ, ಕೆಂಡ ಇದ್ದ ಒಂದು ಹಳೆಯ ಬಾಣಲೆ. ಹುಡುಗಿಗೆ ನಿವಾಳಿಸಿ ಬಾಣಲೆಗೆ ಹಾಕಿದರು. ಮಳೆಗಾಲ, ಕಿಟಕಿಗಳೆಲ್ಲ ಮುಚ್ಚಿದ್ದವು. ಘಾಟು ಮೆಟ್ಟಿಲಿಳಿದು ಕೆಳಗಿನ ಶಾಲೆಗೆ ಹೋಯಿತು. ಯಾರೋ ಬೆಂಕಿ ಎಂದು ಕೂಗಿದರು. ಮರಾಠಿ ಶಾಲೆಯ ಮಕ್ಕಳೆಲ್ಲ ಸಾಲಾಗಿ ಮೈದಾನಕ್ಕೆ ಇಳಿದು ಮಳೆಯಲ್ಲಿ ನಿಂತರು.

ಮೇಲೆ ನಾವು ಕೆಮ್ಮುತ್ತಿದ್ದೆವು. ಹುಡುಗಿ ಕೆಮ್ಮಲಿಲ್ಲ. ದಿನವೂ ಸಿಮೆಂಟಿನ ಧೂಳು ಕುಡಿದ ಎದೆಗೆ ಮೆಣಸಿನಕಾಯಿ ಲೆಕ್ಕಕ್ಕಿಲ್ಲ. ಇದನ್ನು ಬರೆಯುವಾಗ ನಗು ಬರುವುದಿಲ್ಲ. ಆಗಲೂ ಬಂದಿರಲಿಲ್ಲ.

ಕೆಳಗಿನ ಶಾಲೆಯ ಹೆಡ್‌ಮಾಸ್ತರರು ಏದುಸಿರು ಬಿಡುತ್ತ ಮೇಲೆ ಬಂದರು. ಬೈಗುಳ ಕೇಳಲು ನಾವು ಸಿದ್ಧರಾಗಿ ನಿಂತೆವು. ಅವರು ದೊಡ್ಡ ಟೀಚರ್‌ಗೆ ಕೈಮುಗಿದರು. "ಥ್ಯಾಂಕ್ಯೂ ಮೇಡಂ. ಫೈರ್ ಡ್ರಿಲ್ ಮಾಡ್ಸಿ ಅಂತ ಇಲಾಖೆಯವರು ಎಷ್ಟು ದಿನದಿಂದ ಹೇಳ್ತಿದ್ರು. ಇವತ್ತು ಆಗಿಹೋಯ್ತು."

ಬಾಂದ್ರಾದ ಪಾಠ

ಅದೇ ಸುಮಾರಿಗೆ ನನ್ನನ್ನು ಬಾಂದ್ರಾದಲ್ಲಿ ಒಂದು ದಿನದ ತರಬೇತಿಗೆ ಕಳಿಸಿದರು. ಕಷ್ಟದ ಮಕ್ಕಳ ಬಗ್ಗೆ. ಹೇಳಿದ್ದು ಸರಳವಾಗಿತ್ತು. ಮಗುವಿಗೆ ಏನು ಮಾಡಲಿ ಎಂದು ಯೋಚಿಸಬೇಡಿ, ಮಗುವಿನ ಜೊತೆ ಕೂತು ಯೋಚಿಸಿ. ಮೊದಲು ಅದರ ಕಷ್ಟ ಏನೆಂದು ಕೇಳಿ, ಉತ್ತರಕ್ಕೆ ಕಾಯಿರಿ. ಆಮೇಲೆ ನಿಮ್ಮ ಕಷ್ಟ ಹೇಳಿ. ಇಬ್ಬರಿಗೂ ಒಗ್ಗುವ ದಾರಿಯನ್ನು ಒಟ್ಟಿಗೆ ಹುಡುಕಿ.

ವಾಪಸ್ ಬಂದು ದೊಡ್ಡ ಟೀಚರ್‌ಗೆ ವಿವರಿಸಿದೆ.

"ಇಷ್ಟೇಯಾ? ಕೇಳುದು, ಕಾಯುದು. ಅದಕ್ಕೆ ಬಾಂದ್ರಾಕ್ಕೆ ಹೋಗ್ಬೇಕಿತ್ತಾ?"

ಮರುದಿನ ಊಟದ ಬಿಡುವಿನಲ್ಲಿ ಮೂವರೂ ಕೂತೆವು. ನಾನು ಹುಡುಗಿಯನ್ನು ಕೇಳಿದೆ, "ಜೋಡಿಸಿಟ್ಟದ್ದನ್ನು ಕೆಡವಬೇಕು ಅಂತ ನಿನಗೆ ಅನ್ನಿಸ್ತದೆ. ಏನಾಗ್ತದೆ ಆಗ?"

ಹುಡುಗಿ ನೆಲ ನೋಡಿದಳು. ನಾನು ಕಾದೆ.

ದೊಡ್ಡ ಟೀಚರ್ ಸ್ವಲ್ಪ ಕಾದರು. "ಹಸಿವಾಗ್ತದಾ?" ಎಂದರು.

ನಾನು ಕಣ್ಸನ್ನೆ ಮಾಡಿದೆ. ಅವರು ತಲೆಯಾಡಿಸಿ ಬಾಯಿಗೆ ಸೆರಗು ಹಿಡಿದರು. ಮತ್ತೆ ಸೆರಗು ತೆಗೆದರು. "ನಿದ್ದೆ ಬರ್ತದಾ? ಅಪ್ಪ ಹೊಡೀತಾರಾ? ಬೆಂಚು ಸರಿ ಇಲ್ವಾ? ಕಿವಿ ನೋವುಂಟಾ? ನಾನು ಬೈದದ್ದಕ್ಕಾ? ನಾನು ಬೈದದ್ದಲ್ಲ ಮಗಾ, ನನ್ನ ಸ್ವರವೇ ಹಾಗೆ. ನಾನು ಸಣ್ಣವಳಿರುವಾಗ..."

ಅವರ ಬಾಲ್ಯ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಹುಡುಗಿ ಎದ್ದು ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಟೀಚರ್, ದೊಡ್ಡ ಟೀಚರ್‌ಗೆ ಏನಾಗೇತ್ರಿ?"

ಬೆಕ್ಕು

ದೀಪಾವಳಿ ಹತ್ತಿರ ಬಂತು. ಅಪ್ಪ ಅವ್ವನನ್ನು ಕರೆಸಿದೆವು. ಅರ್ಧ ದಿನದ ಪಗಾರ ಬಿಟ್ಟು ಇಬ್ಬರೂ ಬಂದರು. ಬೆಂಚಿನ ತುದಿಯಲ್ಲಿ ಕೂತರು. ಹುಡುಗಿ ಅವ್ವನ ಸೆರಗಿನ ಹಿಂದೆ ನಿಂತಳು.

ನಾನು ಹೇಳಿದೆ, "ಬೈಯಲಿಕ್ಕೆ ಕರೆದದ್ದಲ್ಲ. ಮನೆಯಲ್ಲಿ ಹೇಗಿರ್ತಾಳೆ?"

"ಛಲೋ ಇರ್ತಾಳ್ರಿ," ಎಂದಳು ಅವ್ವ. "ಏನೂ ತ್ರಾಸ ಇಲ್ರಿ."

ಅಪ್ಪನಿಗೆ ಬೇರೆ ಚಿಂತೆ ಇತ್ತು. ಬೇಗ ಹೋಗಬೇಕೆಂದ. "ಸೈಟಿನ್ಯಾಗ ಒಂದು ಬೆಕ್ಕಿನ ಕಾಟ ಹತ್ತೇತ್ರಿ. ದಿನಾ ಸಂಜೀಕ ಸಿಮೆಂಟ್ ಗಿಲಾವು ಮಾಡಿ, ಗ್ವಾಡಿ ಕನ್ನಡಿ ಹಂಗ ಮಾಡಿ ಬರ್ತೀನಿ. ಮುಂಜಾನಿ ನೋಡಿದ್ರ ಉಗುರಿನ ಗೆರಿ. ಕೆಲಸ ಮಾಡಿಸೂ ಮುಕಾದಮ ನನಗ ಬೈತಾನ. ಬೆಕ್ಕು ಓಡಿಸಾಕ ಒಂದು ನಾಯಿ ತಂದು ಕಟ್ಯಾನ್ರಿ."

"ಎಷ್ಟು ಎತ್ತರದಲ್ಲಿ ಗೆರೆ?" ಎಂದು ಕೇಳಿದೆ.

ಅಪ್ಪ ಕೈಯಿಂದ ಅಂದಾಜು ತೋರಿಸಿದ. ಆ ಕೈ ಸರಿಯಾಗಿ ಮಗಳ ಭುಜದ ಮಟ್ಟಕ್ಕೆ ಬಂದು ನಿಂತಿತು. ಎಲ್ಲರೂ ಕೈ ನೋಡಿದೆವು, ಆಮೇಲೆ ಹುಡುಗಿಯನ್ನು ನೋಡಿದೆವು. ದೊಡ್ಡ ಟೀಚರ್ ಬಾಯಿ ತೆರೆದು, ನನ್ನನ್ನು ನೋಡಿ, ಮುಚ್ಚಿದರು. ಈ ಸಲ ಮುಚ್ಚಿಯೇ ಇದ್ದರು.

ನಾವು ಕಾದೆವು.

"ಮುಗದ್ರ ಹೋಗ್ಬೇಕಲ್ರಿ," ಎಂದಳು ಹುಡುಗಿ.

"ಎಲ್ಲಿಗೆ?"

"ಎಲ್ಲೆರ. ಕಾಂದಿವಲಿ ಬಿಲ್ಡಿಂಗ್ ಮುಗೀತು, ಹೋದ್ವಿ. ಅಲ್ಲಿ ನನ್ನ ಗೆಳತಿ ಇದ್ಲು. ಥಾಣೆದು ಮುಗೀತು, ಹೋದ್ವಿ. ಅಲ್ಲಿ ಸಾಲಿ ಇತ್ತು. ಅಪ್ಪ ಮುಗಿಸಿಬಿಡ್ತಾನ್ರಿ. ಎಷ್ಟ್ ಹೇಳಿದ್ರೂ ಮುಗಿಸ್ತಾನ."

ಅಪ್ಪ ಮಗಳನ್ನೇ ನೋಡುತ್ತ ಕೂತ. ಬೇಗ ಮುಗಿಸುವ ಗವಂಡಿ ಎಂದು ಅವನಿಗೆ ಹೆಸರಿತ್ತು. ಅವ್ವ ಗೋಡೆ ಕಡೆ ತಿರುಗಿ ಮುಖ ಒರೆಸಿಕೊಂಡಳು. ಹೊರಗೆ ಮಳೆ ನಿಂತಿತ್ತು. ಒಳಗೆ ಸೋರುವುದು ನಿಂತಿರಲಿಲ್ಲ.

ಅಪ್ಪ ನನ್ನ ಕಡೆ ತಿರುಗಿದ. "ಹಂಗಾರ... ಮುಕಾದಮಗ ನಾಯಿ ವಾಪಸ್ ಒಯ್ಯಾಕ ಹೇಳ್ಲೇನ್ರಿ?"

"ಬ್ಯಾಡಪ್ಪಾ," ಎಂದಳು ಹುಡುಗಿ. "ಅದು ನನಗ ಏನೂ ಮಾಡಂಗಿಲ್ಲ. ದಿನಾ ಭಕ್ರಿ ಹಾಕ್ತೀನಿ."

ಮಹಾರಾಷ್ಟ್ರ

ಅವಳ ಕಷ್ಟ ತಿಳಿಯಿತು. ನಮ್ಮ ಕಷ್ಟವನ್ನೂ ಹೇಳಿದೆವು: ಬೇರೆ ಮಕ್ಕಳು ಮಾಡಿದ್ದು ಹಾಳಾದರೆ ಅವರು ಅಳುತ್ತಾರೆ, ಅವರ ಮನೆಯವರು ಬರುತ್ತಾರೆ, ಕಮಿಟಿ ನಿನ್ನನ್ನು ಕಳಿಸುತ್ತದೆ. ಏನು ಮಾಡೋಣ?

ದಾರಿ ಹುಡುಕಲು ಹಲವು ದಿನ ಹಿಡಿಯಿತು. ನಾನು ಹೇಳಿದ್ದು ಯಾವುದೂ ನಡೆಯಲಿಲ್ಲ. ಕೊನೆಗೆ ಅವಳೇ ಹೇಳಿದಳು, "ಮಂದೀದು ಮುಟ್ಟಂಗಿಲ್ರಿ. ಆದ್ರ ಎಲ್ಲರೂ ಕೂಡಿ ಮಾಡೂದರಾಗ ಕಡೀದು ನನಗ ಬಿಡ್ರಿ. ನನಗ ಹಾಕ್ಬೇಕು ಅನಿಸಿದಾಗ ಹಾಕ್ತೀನಿ."

ಕೊನೆಯದು ಅವಳದು ಎಂದು ಒಪ್ಪಿದೆವು. ದೊಡ್ಡ ಟೀಚರ್ ಅವಳ ಕೈ ಕುಲುಕಿದರು. ಕಚ್ಚುವುದು ನಿಂತಿತು, ಒಮ್ಮೆಲೇ ಅಲ್ಲ. ದೀಪಾವಳಿ ದಾಟಿದರೂ ಕಮಿಟಿ ಅವಳನ್ನು ಕಳಿಸಲಿಲ್ಲ. ನಮ್ಮ ಗೋಡೆಗಳ ಮೇಲೆ ಮಾತ್ರ ಯಾವುದೂ ಪೂರ್ತಿ ಇರಲಿಲ್ಲ. ಮನುಷ್ಯದೇಹದ ಚಾರ್ಟಿಗೆ ಒಂದು ಪಾದ ಇಲ್ಲ. ಗಡಿಯಾರಕ್ಕೆ ಹನ್ನೆರಡು ಇಲ್ಲ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿದ ಭಾರತದ ನಕ್ಷೆಯಲ್ಲಿ ಒಂದು ರಾಜ್ಯ ಇಲ್ಲ.

ಶಿಕ್ಷಣ ಇಲಾಖೆಯ ಅಧಿಕಾರಿ ಹೇಳದೆ ಕೇಳದೆ ಬಂದದ್ದು ಆಗಲೇ. ಬೆವರಿದ್ದರು, ಸಿಟ್ಟಿನಲ್ಲಿದ್ದರು. ಪಾದ ನೋಡಿದರು, ಗಡಿಯಾರ ನೋಡಿದರು. ನಕ್ಷೆಯ ಮುಂದೆ ನಿಂತರು.

"ಮಹಾರಾಷ್ಟ್ರ ಕುಠೆ ಆಹೆ?"

ಮಹಾರಾಷ್ಟ್ರ ಎಲ್ಲಿದೆ ಎಂದು ಮುಂಬೈಯಲ್ಲಿ ಒಬ್ಬ ಅಧಿಕಾರಿ ಕನ್ನಡ ಶಾಲೆಯನ್ನು ಕೇಳಿದರೆ ಆ ಶಾಲೆಗೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ನನ್ನ ಮರಾಠಿಯೆಲ್ಲ ಎಲ್ಲೋ ಹೋಯಿತು.

ಹುಡುಗಿ ಎದ್ದು ನಿಂತಳು. ಬ್ಯಾಗಿನಿಂದ ಕಿತ್ತಳೆ ಬಣ್ಣದ ಕಾಗದದ ಮಹಾರಾಷ್ಟ್ರ ತೆಗೆದು ತೋರಿಸಿದಳು. ಸೈಟಿನ ಹಿಂದಿಯಲ್ಲಿ ಹೇಳಿದಳು, "ಸಾಬ್, ಮಹಾರಾಷ್ಟ್ರ ಕಾ ಕಾಮ್ ಅಭೀ ಚಾಲೂ ಹೈ."

ಕೆಲಸ ಇನ್ನೂ ನಡೆಯುತ್ತಿದೆಯೇ ಎಂಬಂತೆ ಅಧಿಕಾರಿ ಕಿಟಕಿಯಿಂದ ಹೊರಗೆ ನೋಡಿದರು. ಅಗೆದ ರಸ್ತೆ, ಅರ್ಧ ಎದ್ದ ಸೇತುವೆ, ಅದರಡಿ ನಿಂತಲ್ಲೇ ನಿಂತ ಗಾಡಿಗಳು. ಅವರ ಜೀಪೂ ಅದರಲ್ಲೇ ಇತ್ತು.

"ಬರೋಬರ್ ಆಹೆ," ಎಂದು ಒಪ್ಪಿ, ಕರವಸ್ತ್ರ ತೆಗೆದು ಕೂತರು.

ಸೀಲು

ಬಿಲ್ಡಿಂಗ್ ಮುಗಿಯಿತು. ನಾವು ಮಾಡಿಕೊಂಡ ಒಪ್ಪಂದ ಶಾಲೆಯೊಳಗಿನದು, ಬಿಲ್ಡರ್‌ಗೆ ಅದು ಗೊತ್ತಿರಲಿಲ್ಲ. ಮುಂದಿನ ಸೈಟು ದೂರದ ವಿರಾರ್‌ನಾಚೆ ಎಂದ ಮುಕಾದಮ. ಶೆಡ್ಡು ಕೆಡವುತ್ತಾರೆ ಎಂದೂ ಹೇಳಿದ.

ಅಪ್ಪ ಒಗೆದ ಅಂಗಿ ಹಾಕಿಕೊಂಡು ಟಿಸಿ ಕೇಳಲು ಬಂದ. ಅವ್ವ ಹಿಂದೆ ನಿಂತಳು. ಹುಡುಗಿ ಬಾಗಿಲ ಚೌಕಟ್ಟು ಹಿಡಿದಿದ್ದಳು. ಅಳಲಿಲ್ಲ, ಏನನ್ನೂ ಒದೆಯಲಿಲ್ಲ. ಕಚ್ಚಿದ್ದರೂ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು.

ದೊಡ್ಡ ಟೀಚರ್ ನಿಧಾನವಾಗಿ ಬರೆದರು. ಹೆಸರು, ಊರು, ತರಗತಿ. 'ನಡತೆ' ಎಂಬಲ್ಲಿ ತುಸು ನಿಂತು 'ಉತ್ತಮ' ಎಂದು ಬರೆದರು. ಸಹಿ ಹಾಕಿದರು. ಸ್ಟ್ಯಾಂಪ್ ಪ್ಯಾಡ್ ತೆರೆದು ಶಾಲೆಯ ಸೀಲು ಕೈಗೆ ತೆಗೆದುಕೊಂಡರು.

"ದೊಡ್ಡ ಟೀಚರ್," ಎಂದಳು ಹುಡುಗಿ. "ಕಡೀದು ನಂದಲ್ರಿ?"

ಸೀಲು ಗಾಳಿಯಲ್ಲೇ ನಿಂತಿತು. ದೊಡ್ಡ ಟೀಚರ್ ನನ್ನನ್ನು ನೋಡಿದರು. "ಎಂತ ಮಾಡುದು? ಕೈ ಕುಲುಕಿ ಆಗಿದೆ," ಎಂದು ಸೀಲನ್ನು ಅವಳ ಅಂಗೈಯಲ್ಲಿ ಇಟ್ಟರು.

ಹುಡುಗಿ ಸೀಲನ್ನು ತಿರುಗಿಸಿ ನೋಡಿದಳು. ಲಂಗಕ್ಕೆ ಒರೆಸಿದಳು. ಬ್ಯಾಗಿನೊಳಗೆ ಹಾಕಿ ಚೈನ್ ಎಳೆದಳು.

"ಇನ್ನೂ ಹಾಕ್ಬೇಕು ಅನಿಸಿಲ್ರಿ."

"ಏ, ಕೊಡವಾ ಅದನ್ನ!" ಎಂದು ಅಪ್ಪ ಎದ್ದ.

"ಬೈಬೇಡಿ ಮಾರಾಯ್ರೆ," ಎಂದರು ದೊಡ್ಡ ಟೀಚರ್. ಮುಖದಲ್ಲಿ ಗೆಲುವು ಬಚ್ಚಿಡಲು ಆಗುತ್ತಿರಲಿಲ್ಲ. "ಸೀಲಿಲ್ಲದೆ ಈ ಕಾಗದ ಎಲ್ಲಿಯೂ ನಡೆಯುದಿಲ್ಲ. ಈಗ ನಾವು ಕೂತು ಮಾತಾಡ್ಬೇಕಷ್ಟೆ."

ಮತ್ತೆ ಕೂತೆವು. ಹುಡುಗಿಯ ಮಾತು ಚಿಕ್ಕದಾಗಿತ್ತು: ಹೋಗುವುದು ಬೇಡ. ಅಪ್ಪನ ಮಾತೂ ಚಿಕ್ಕದು: ಶೆಡ್ಡಿಲ್ಲ, ಎಲ್ಲಿ ಇರುವುದು? ಅವ್ವನಿಗೆ ಏನನ್ನಿಸುತ್ತದೆ ಎಂದು ಕೇಳಿದೆ. ತನ್ನನ್ನೇ ಕೇಳಿದ್ದು ಎಂದು ಅವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅದಽ ಬಿಲ್ಡಿಂಗಿನ್ಯಾಗ ಮೆಟ್ಲಾ ಒರಸಾಕ ಹೆಣ್ಮಕ್ಕಳು ಬೇಕಂತ್ರಿ," ಎಂದಳು. "ಸ್ಟೇಶನ್ ಹಿಂದ ಚಾಳಿನ್ಯಾಗ ನಮ್ಮೂರವ್ರು ಅದಾರ. ಒಂದು ಖೋಲಿ ಐತಿ ಅಂದಾರ."

"ಮೊದ್ಲ ಯಾಕ ಹೇಳ್ಲಿಲ್ಲ?" ಎಂದ ಅಪ್ಪ.

"ಯಾರ್ ಕೇಳ್ಯಾರ?"

ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ ತನ್ನಷ್ಟಕ್ಕೆ ಹೇಳಿಕೊಂಡ, "ಮುಂಜಾನಿ ಎಲ್ಲಾ ಮಂದಿ ವಿರಾರ್ ಕಡಿಂದ ಈ ಕಡೆ ಬರ್ತಾರ. ನಾನು ಉಲ್ಟಾ ಹೋಗಾಂವ. ಲೋಕಲ್‌ದಾಗ ಕುಂಡ್ರಾಕ ಜಾಗಾ ಸಿಗ್ತೈತಿ."

ಹಾಗೆ ಅವರು ಉಳಿದರು. ಖೋಲಿ ಎಂದರೆ ಒಂದೇ ಕೋಣೆ, ಕಿಟಕಿ ಇಲ್ಲ, ಹಗಲಲ್ಲೂ ಲೈಟು ಬೇಕು. ಅಪ್ಪ ಮನೆ ಸೇರುವಾಗ ಹುಡುಗಿ ಮಲಗಿರುತ್ತಾಳೆ. ತಾನೇ ಕಟ್ಟಿದ ಮೆಟ್ಟಿಲನ್ನು ಅವ್ವ ದಿನವೂ ಒರೆಸುತ್ತಾಳೆ. ಇದಕ್ಕಿಂತ ಒಳ್ಳೆಯ ದಾರಿ ನಮಗೆ ಯಾರಿಗೂ ಕಾಣಲಿಲ್ಲ.

ಸೀಲು ಇನ್ನೂ ಅವಳ ಬ್ಯಾಗಿನಲ್ಲೇ ಇದೆ. ವಾಪಸ್ ಕೇಳಲು ದೊಡ್ಡ ಟೀಚರ್‌ಗೆ ಧೈರ್ಯವಿಲ್ಲ, ನನಗೆ ಮನಸ್ಸಿಲ್ಲ. ಮೊನ್ನೆ ಒಂದು ಮಗುವಿನ ಅಪ್ಪ, ಹೋಟೆಲಿನಲ್ಲಿ ಕೆಲಸ ಮಾಡುವವರು, ಸರ್ಟಿಫಿಕೇಟಿಗೆ ಬಂದರು. ದೊಡ್ಡ ಟೀಚರ್ ಸಹಿ ಹಾಕಿ ಕೊಟ್ಟರು.

"ಸೀಲು, ಮೇಡಂ?"

"ಅದಕ್ಕೆ ಪಕ್ಕದ ಕ್ಲಾಸಿಗೆ ಹೋಗಿ. ಬಾಗಿಲಲ್ಲೇ ನಿಲ್ಲಿ, ಅವಳು ಮಗ್ಗಿ ಹೇಳ್ತಿದ್ದಾಳೆ."

ಅವರು ನಿಂತರು. ಮಗ್ಗಿ ಆಯಿತು. ಹುಡುಗಿ ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಇದು ಯಾರನ್ನರ ಕಳಸೂ ಕಾಗದೇನ್ರಿ?"

"ಅಲ್ಲಮ್ಮ. ಮಗನ ಬಸ್ ಪಾಸಿಗೆ."

"ಬರೇ ಹೋಗೂ ಪಾಸೋ, ವಾಪಸ್ ಬರೂದೂ ಐತೋ?"

"ವಾಪಸ್ ಬರುದೂ ಉಂಟಮ್ಮ," ಎಂದರು ಅವರು ಗಾಬರಿಯಿಂದ.

ಠಪ್ ಎಂದು ಸೀಲು ಬಿತ್ತು.